ಬಳೆ ಖಾಲಾ ಸುತ್ತಿದ ಮ್ಯಾಗ್ನೆಟ್ಟು

ಹೋದ ತಿಂಗಳು ಸೊಸೆಯನ್ನು ಕರೆದುಕೊಂಡು ಸಿಂಧನೂರಿನ ಬಜಾರಿಗೆ ಹೋಗಿದ್ದೆ. ಅವಳ ತಮ್ಮನ ಮದುವೆ. ಸೀರೆ, ಬಳೆ ಎಂದು ಉದ್ದದ ಪಟ್ಟಿಯೇ ಇತ್ತು, ನಾನು ಚೀಲ ಹಿಡಿಯುವ ಆಳು. ಬಟ್ಟೆ ಅಂಗಡಿ ಮುಗಿಸಿ ಬಳೆ ಓಣಿಗೆ ತಿರುಗಿದೆವು. ಅಲ್ಲೊಬ್ಬ ಇದ್ದಿಲ ಒಲೆ ಮುಂದಿಟ್ಟುಕೊಂಡು, ಕೋಲಿನ ತುದಿಗೆ ಅರಗು ಹಚ್ಚಿ, ಕಾಯಿಸಿ ಕಾಯಿಸಿ ಬಳೆ ತೀಡುತ್ತಿದ್ದ. ಬಿಸಿ ಅರಗಿನ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಸಿಹಿಯೂ ಅಲ್ಲ, ಸುಟ್ಟ ವಾಸನೆಯೂ ಅಲ್ಲ... ಎರಡರ ನಡುವಿನದೊಂದು. ನಾನು ನಿಂತಲ್ಲೇ ನಿಂತುಬಿಟ್ಟೆ. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ ಸೊಸೆ ತಿರುಗಿ ನೋಡಿ, “ಯಾಕ್ರಿ ಮಾವಾರ, ತಲಿ ತಿರಗಾಕತ್ತದೇನ್ರಿ?” ಎಂದಳು. ಏನಿಲ್ಲ ತಾಯಿ, ನಡಿ ಎಂದೆ. ಬಳೆ ಅಂಗಡಿಯ ಮುಂದೆ ನಿಂತು ಮೋಟರ್ ಸೈಕಲ್ ನೆನಪಾಯಿತು ಎಂದರೆ ಅವಳಿಗೆ ಏನು ತಿಳಿದೀತು?

ನಾನು ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆ ಪಟ್ಟುಕೊಂಡವನಲ್ಲ. ರಾಯಚೂರಿನ ಲಾರಿ ಗ್ಯಾರೇಜಿನಲ್ಲಿ ಎಂಟು ವರ್ಷ ಗ್ರೀಸಿನಲ್ಲಿ ಹೊರಳಾಡಿ, ಎಂಬತ್ತರ ದಶಕದ ಮೊದಲಲ್ಲಿ ಮಸ್ಕಿಗೆ ಬಂದು, ರಸ್ತೆಯ ಪಕ್ಕ ನಾಲ್ಕು ತಗಡು ನಿಲ್ಲಿಸಿ ಸ್ವಂತ ಅಂಗಡಿ ಹಾಕಿದೆ. ಪಂಪ್‌ಸೆಟ್ಟಿನ ಇಂಜಿನ್ನು, ಮೊಪೆಡ್ಡು, ಟ್ರ್ಯಾಕ್ಟರಿನ ಡೈನಮೊ, ಏನು ಬಂದರೂ ಆಗುವುದಿಲ್ಲ ಎನ್ನಲಿಲ್ಲ. ಆದರೆ ನನ್ನ ಹೆಸರು ನಿಂತದ್ದು ವಿಲಾಯ್ತಿ ಗಾಡಿಗಳಿಂದ.

ವಿಲಾಯ್ತಿ ಗಾಡಿ ಎಂದರೆ ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಮೋಟರ್ ಸೈಕಲ್ಲು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದವು ಕೆಲವು, ಗಣಿಯ ಕಡೆ, ಡ್ಯಾಮಿನ ಕಡೆ ಕೆಲಸಕ್ಕಿದ್ದ ಸಾಹೇಬರು ಬಿಟ್ಟುಹೋದವು ಕೆಲವು. ಗೌಡರು, ಸಾಹುಕಾರರು ಕೊಂಡು ಒಂದಿಷ್ಟು ವರ್ಷ ಅವುಗಳ ಮೇಲೆ ಮೆರೆದರು. ನನ್ನ ಕಾಲಕ್ಕೆ ಅವೆಲ್ಲ ದನದ ಕೊಟ್ಟಿಗೆಯಲ್ಲಿ ಜೋಳದ ಕಣಿಕಿಯ ಕೆಳಗೆ ಮಲಗಿದ್ದವು. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಸೇರಿಸಿದರೆ ಬೆರಳಲ್ಲಿ ಎಣಿಸುವಷ್ಟು. ಅಪ್ಪ ಓಡಿಸಿದ ಗಾಡಿಯನ್ನು ಮತ್ತೆ ಚಾಲು ಮಾಡಿಸಬೇಕೆಂದು ಮಕ್ಕಳಿಗೆ ಹುಕಿ ಬರುತ್ತಿತ್ತು. ಆದರೆ ಸಾಮಾನು ಎಲ್ಲಿಂದ ತರುವುದು? ಮಾಡಿದ ಕಂಪನಿಗಳೇ ಮುಚ್ಚಿಹೋಗಿದ್ದವು. ಬೋಲ್ಟು ನಟ್ಟುಗಳ ಅಳತೆಯೇ ಬೇರೆ, ನಮ್ಮ ಪಾನಾ ಹಿಡಿಯುತ್ತಿರಲಿಲ್ಲ.

ನಾನು ಹುಡುಕಿದೆ. ಯಾರ ಹಿತ್ತಲಲ್ಲಿ ಯಾವ ಗಾಡಿಯ ಎಲುಬು ಬಿದ್ದಿದೆ ಎಂದು ಬಸ್ಸಿನ ಕಂಡಕ್ಟರುಗಳಿಗೆ, ಕುರಿ ಕಾಯುವವರಿಗೆ, ಹೊಲ ಅಳೆಯಲು ಬರುವವರಿಗೆ ಕೇಳಿಟ್ಟುಕೊಂಡೆ. ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಲ್ಲಿ ಇಡೀ ದಿನ ಕುಕ್ಕರಗಾಲಿನಲ್ಲಿ ಕೂತು ರಾಶಿ ಕೆದರಿದೆ. ಸಿಗದಿದ್ದುದನ್ನು ಮಾಡಿದೆ. ಒಂದು ಗಾಡಿಯ ಕ್ಲಚ್ ಪ್ಲೇಟಿಗೆ ಔಷಧಿ ಬಾಟಲಿಗಳ ಬೂಚು ಕೊಯ್ದು ಕೂರಿಸಿದೆ. ಇನ್ನೊಂದಕ್ಕೆ ಪಂಪ್‌ಸೆಟ್ಟಿನ ಪಿಸ್ಟನ್ನನ್ನು ಲೇತ್ ಮೇಲೆ ತಿರುವಿ ಇಳಿಸಿದೆ. ಓದಿದ ಇಂಜಿನಿಯರುಗಳು ಬಂದು ನೋಡಿ ತಲೆದೂಗಿದರು. ಆ ತಲೆದೂಗುವುದು ನನಗೆ ಊಟಕ್ಕಿಂತ ರುಚಿ ಹತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಒಂದು ಸಾಮಾನು ಮಾತ್ರ ನನಗೆ ಬಗ್ಗಲಿಲ್ಲ. ಅದು ಮ್ಯಾಗ್ನೆಟ್ಟು. ತಂಬಿಗೆಯಷ್ಟು ದಪ್ಪ ಇರುತ್ತದೆ. ಹೊರಗೆ ಕುದುರೆ ಲಾಳದಂಥ ಲೋಹಚುಂಬಕ, ಅದರ ಎರಡು ಕಾಲುಗಳ ನಡುವೆ ತಿರುಗುವ ಒಂದು ಉರುಳೆ, ಉರುಳೆಯ ಮೇಲೆ ಕೂದಲಿನಂಥ ತಾಮ್ರದ ತಂತಿ ಸಾವಿರಾರು ಸುತ್ತು. ಅದು ತಿರುಗಿದರೆ ಸಾಕು, ಬ್ಯಾಟರಿ ಇಲ್ಲದೆಯೇ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ತಂತಿ ಅಲುಗಾಡಬಾರದೆಂದು ವಿಲಾಯ್ತಿಯವರು ಅದರ ಮೇಲೆ ಅರಗು ತುಂಬಿದ್ದರು. ಅವರ ಥಂಡಿ ದೇಶಕ್ಕೆ ಅದು ಸರಿ. ನಮ್ಮ ಬಿಸಿಲಿಗೆ ಆ ಅರಗು ಮೆತ್ತಗಾಗಿ, ಒಸರಿ, ಉರುಳೆ ಅಂಟಿಕೊಂಡು ತಂತಿ ಹರಿದುಹೋಗುತ್ತಿತ್ತು. ಎಲ್ಲ ಗಾಡಿಗಳೂ ಸತ್ತದ್ದು ಇದೇ ರೋಗದಿಂದ.

ಹೀಗಿರುವಾಗ ಗುರುಗುಂಟಾದ ಒಬ್ಬ ಮುದುಕ ಗೌಡರ ಕುರಿದೊಡ್ಡಿಯಲ್ಲಿ ತುಕ್ಕು ಹಿಡಿದ ಒಂದು ಗಾಡಿ ಸಿಕ್ಕಿತು. ಚಕ್ರಗಳಿಲ್ಲ, ಟ್ಯಾಂಕು ತೂತು. ಮ್ಯಾಗ್ನೆಟ್ಟು ಬಿಚ್ಚಿ ಕೈಯಿಂದ ತಿರುವಿದೆ. ವೈರಿನ ತುದಿ ಬೆರಳಿಗೆ ತಾಗಿ ಮೊಣಕೈವರೆಗೆ ಝುಮ್ ಎಂದಿತು! ಎಷ್ಟೋ ವರ್ಷ ಕುರಿಗಳ ನಡುವೆ ಬಿದ್ದಿದ್ದ ಸಾಮಾನು. ಒಳಗೆ ನೋಡಿದರೆ ಅರಗು ಕೆಂಪಗೆ ಹೊಳೆಯುತ್ತಿತ್ತು, ಮದುಮಗಳ ಬಳೆಯ ಬಣ್ಣ. ವಿಲಾಯ್ತಿ ಅರಗು ಕಂದು ಇರುತ್ತದೆ, ಕೆಂಪು ನಾನು ನೋಡಿರಲಿಲ್ಲ.

“ಅದು ವಿಲಾಯ್ತಿದಲ್ಲಪಾ,” ಎಂದರು ಗೌಡರು. “ಲಿಂಗಸುಗೂರಾಗ ಬಳಿ ಮಾಡೋ ಸಾಬರ ಮನಿ ಅದ. ಆ ಗಂಡ ಹೆಂಡ್ತಿ ಕೂಡಿ ಸುತ್ತಿ ಕೊಟ್ಟಾರ. ಗಂಡ ಸತ್ತಾನ, ಹೆಂಡ್ತಿ ಅದಾಳೋ ಇಲ್ಲೋ...”

ಇದ್ದಳು. ಲಿಂಗಸುಗೂರಿನ ಮಸೀದಿಯ ಹಿಂದಿನ ಓಣಿಯಲ್ಲಿ, ಒಂದೇ ಕೋಣೆಯ ಮನೆಯ ಕಟ್ಟೆಯ ಮೇಲೆ, ಒಲೆ ಮುಂದೆ ಕೂತಿದ್ದಳು. ಓಣಿಯವರೆಲ್ಲ ಬಳೆ ಖಾಲಾ, ಅಂದರೆ ಬಳೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಸುತ್ತಲೂ ಕೋಲುಗಳಿಗೆ ಪೋಣಿಸಿದ ಬಳೆಗಳು, ಹಸಿರು, ಹಳದಿ, ಕೆಂಪು. ಅವಳ ಕೈ ಮಾತ್ರ ಬೋಳು.

“ಯಾರ ಕೈ ಅಳತಿ ತಂದಿ?” ಎಂದಳು ತಲೆ ಎತ್ತದೆ.

“ಕೈ ಅಲ್ರಿ ಖಾಲಾ, ಗಾಡಿ,” ಎಂದು ಸುಟ್ಟ ಉರುಳೆಯೊಂದನ್ನು ಮುಂದಿಟ್ಟೆ.

ಅದನ್ನೆತ್ತಿ ಮೂಸಿ ನೋಡಿದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಆಮೇಲೆ ನನ್ನ ಮುಖ ನೋಡಿದಳು. “ನಮ್ಮ ಮನಿಯವರು ಹೋದ ಮ್ಯಾಲ ಇದನ್ನ ಯಾರೂ ತಂದಿಲ್ಲ ಬೇಟಾ. ಎಲ್ಲಿದ್ದಿ ಇಷ್ಟು ದಿನಾ?”

ಗಂಡ ಗಣಿಯಲ್ಲಿ ಮೋಟರುಗಳಿಗೆ ತಂತಿ ಸುತ್ತುವ ಕೆಲಸದಲ್ಲಿದ್ದವನು. ಮನೆಗೂ ಕೆಲಸ ತರುತ್ತಿದ್ದ. ಅವನ ದಪ್ಪ ಬೆರಳಿಗೆ ಕೂದಲಂಥ ತಂತಿ ನಿಲ್ಲುತ್ತಿರಲಿಲ್ಲ. ಇವಳ ಬೆರಳಿಗೆ ನಿಲ್ಲುತ್ತಿತ್ತು. ಹೀಗೆ ಕಲಿತದ್ದು. ಅರಗಿನ ಕೆಲಸ ತವರುಮನೆಯದು. ಬಳೆಯ ಅರಗಿಗೆ ಸಣ್ಣಗೆ ಅರೆದ ಕಲ್ಲಿನ ಪುಡಿ ಬೆರೆಸುತ್ತಾರೆ, ಬಿಸಿಲಲ್ಲಿ ಹೆಂಗಸಿನ ಕೈಯ ಮೇಲೆ ಅದು ಮೆತ್ತಗಾಗಬಾರದಲ್ಲ. ಇಂಗ್ಲೆಂಡಿನವರಿಗೆ ಹೊಳೆಯದ ಉಪಾಯ ಅಷ್ಟೇ ಇತ್ತು. ನಮ್ಮ ಹೆಂಗಸರ ಕೈಗೆ ತಡೆದದ್ದು ಗಾಡಿಗೂ ತಡೆಯಿತು.

ಅವಳು ಸುತ್ತುವುದನ್ನು ನಾನು ಎಷ್ಟೋ ಸಲ ಎದುರಿಗೆ ಕೂತು ನೋಡಿದ್ದೇನೆ. ಗಾಳಿಗೆ ತಂತಿ ಅಲುಗಬಾರದೆಂದು ಬಾಗಿಲು ಮುಂದೆ ಮಾಡಿ, ಹೊಲಿಗೆ ಯಂತ್ರದ ಕೈಗಾಲಿಗೆ ಉರುಳೆ ಸಿಕ್ಕಿಸಿ, ಎಡಗೈಯ ಎರಡು ಬೆರಳ ನಡುವೆ ತಂತಿ ಹಾಯಿಸಿ, ಬಲಗೈಯಿಂದ ತಿರುವುತ್ತಿದ್ದಳು. ಪಕ್ಕದಲ್ಲಿ ಒಂದು ದಾರ, ಅದರಲ್ಲಿ ಅವಳೇ ಮಾಡಿದ ಅರಗಿನ ಮಣಿಗಳು. ನೂರು ಸುತ್ತಾದರೆ ಒಂದು ಮಣಿ ಆಚೆ ಸರಿಸುವಳು. ಎಣಿಸುವಾಗ ಯಾರೇ ಬರಲಿ ಮಾತಿಲ್ಲ. ಬಳೆಗೆ ಬಂದ ಹೆಂಗಸರು ಕಟ್ಟೆಯ ಕೆಳಗೆ ಕೂತು ಕಾಯಬೇಕು. ಒಮ್ಮೆ ಒಬ್ಬ ಜೋರಿನ ಹೆಂಗಸು ಹೊರಗಿನಿಂದಲೇ, “ಏನ್ ಖಾಲಾ, ಬಾಯಾಗೇನ್ ಅರಗು ತುಂಬ್ಕೊಂಡೀಯೇನು?” ಎಂದಳು. ಖಾಲಾ ಕಣ್ಣಲ್ಲೇ ನಕ್ಕು, ಮಣಿ ಸರಿಸಿದ ಮೇಲೆ ಹೇಳಿದಳು: “ನಿನ್ನ ಬಾಯಿಗೆ ತುಂಬಾಕ ಉಳಿಸೀನಿ, ಇತ್ಲಾಗ ಬಾ.” ಎಲ್ಲರೂ ನಕ್ಕರು. ಅವಳು ಮತ್ತೆ ಎಣಿಕೆಗೆ ಇಳಿದಳು.

ಮೊದಲ ಉರುಳೆಗೆ ಅವಳು ಕೆಂಪು ಅರಗು ತುಂಬಿ ಕೊಟ್ಟಳು. ಎರಡನೆಯದಕ್ಕೆ ನಾನೇ ಹೇಳಿದೆ, ಬಣ್ಣ ಹಾಕಬೇಡ ಎಂದು.

“ಯಾಕಪ? ಬಣ್ಣ ಹಚ್ಚಿದ್ರ ಗಾಡಿ ನಾಚ್ಕೋತದೇನು?”

ನಾನು ಏನೋ ಒಂದು ನೆಪ ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು. ಗಿರಾಕಿಗಳಿಗೆ ನಾನು ಮ್ಯಾಗ್ನೆಟ್ಟು ನನ್ನ ಕೈಯ ಕೆಲಸ ಎಂದು ಹೇಳತೊಡಗಿದ್ದೆ, ಕೆಂಪು ಕಂಡರೆ ಬಳೆಯ ಅರಗೆಂದು ಗುಟ್ಟು ಒಡೆಯುತ್ತಿತ್ತು. ಮೊದಲ ಗಿರಾಕಿ ಕೇಳಿದಾಗ ಬಾಯಿಂದ ಹಾಗೇ ಬಂದಿತ್ತು. ಬಳೆ ಮಾಡುವ ಮುದುಕಿ ಸುತ್ತಿದ್ದು ಎಂದರೆ ಗಾಡಿ ಹತ್ತುತ್ತಾರೆಯೇ, ನಗುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಆ ತಲೆದೂಗುವುದರಲ್ಲಿ ಪಾಲು ಕೊಡಲು ನನಗೆ ಮನಸ್ಸಿರಲಿಲ್ಲ. ಕೂಲಿಯಲ್ಲಿ ಅವಳಿಗೆ ಎಂದೂ ಕಡಿಮೆ ಮಾಡಲಿಲ್ಲ. ಅಷ್ಟಕ್ಕೇ ನನ್ನ ಋಣ ಮುಗಿಯಿತು ಎಂದುಕೊಂಡಿದ್ದೆ.

ಖಾಲಾ ಕೂಲಿಯ ಮಾತು ಆಡಿದವಳೇ ಅಲ್ಲ. ಅವಳು ಕೇಳಿದ್ದು ಒಂದೇ. ಪ್ರತಿ ಸಲ ಉರುಳೆಯನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಕೈಗಿಡುವಾಗ ಕೇಳುತ್ತಿದ್ದಳು.

“ಒಂದ್ಸಲ ಗಾಡಿ ಈ ಓಣಿಗೆ ತಗೊಂಡು ಬಾ ಮೇಸ್ತ್ರಿ. ಬಳಿ ಆದ್ರ ನಾನೇ ಕೈಗೆ ಏರಸ್ತೀನಿ, ಹೆಂಗ ಒಪ್ಪತಾವು ನೋಡ್ತೀನಿ. ಇದು ಎಲ್ಲಿ ಹೋಗಿ ಏನ್ ಮಾಡ್ತದೋ ಒಂದಿನಾನೂ ನೋಡಿಲ್ಲ. ಅವರಿದ್ದಾಗೂ ನೋಡಿಲ್ಲ. ಗಣಿಯಾಗ ಹೆಣ್ಮಕ್ಕಳನ್ನ ಎಲ್ಲಿ ಬಿಡ್ತಾರ?”

ಮಗಳೊಬ್ಬಳು ಯಾದಗಿರಿ ಕಡೆ ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಅವಳೊಬ್ಬಳೇ. ನಾನು ಬಂದ ದಿನ ಚಹಾಕ್ಕೆ ಎರಡನೆಯ ಬಸಿ ತೆಗೆದು ತೊಳೆಯುವಳು. ತೊಳೆಯುವಾಗಲೇ ಗೊತ್ತಾಗುತ್ತಿತ್ತು, ನಾನು ಹೋದ ಸಲ ಬಂದು ಹೋದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ ಎಂದು. “ತರ್ತೀನಿ ಖಾಲಾ, ಬರೋ ಸಲ ತರ್ತೀನಿ,” ಎನ್ನುತ್ತಿದ್ದೆ. ತಂದರೆ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಿಂದ ಮಸೀದಿಯವರೆಗೆ ಎಲ್ಲರೂ ನೋಡುತ್ತಾರೆ. ಈ ಮುದುಕಿಯ ಮನೆ ಮುಂದೆ ವಿಲಾಯ್ತಿ ಗಾಡಿಗೇನು ಕೆಲಸ ಎಂದು ಕೇಳುತ್ತಾರೆ. ಹೀಗೆ ಮೂರು ನಾಲ್ಕು ವರ್ಷ ‘ಬರೋ ಸಲ’ದಲ್ಲೇ ಹೋದವು.

ಆಮೇಲೆ ಸಿಂಧನೂರಿನ ಮಿಲ್ಲಿನ ಸಾಹುಕಾರರ ಗಾಡಿ ಬಂತು. ಅವರು ಆಂಧ್ರದಿಂದ ಬಂದು ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು, ಅಕ್ಕಿ ಮಿಲ್ಲು ಹಾಕಿದವರು. ತಂದೆ ಓಡಿಸಿದ ಗಾಡಿ, ಅದನ್ನು ಚಾಲು ಮಾಡಿಸಿ ತಾವೇ ಏರಿ ಹೊಲಕ್ಕೆ ಹೋಗಬೇಕೆಂದು ಅವರ ಆಸೆ. ನಾನು ಅದನ್ನು ಪೂರ್ತಿ ಬಿಚ್ಚಿದೆ. ಮ್ಯಾಗ್ನೆಟ್ಟಿನಿಂದ ಉರುಳೆ ಕಿತ್ತು ಖಾಲಾಗೆ ಕೊಟ್ಟು ಬಂದೆ. ಉಳಿದ ಚುಂಬಕವನ್ನು ಹಲಗೆಯ ಮೇಲೆ ಹಾಗೇ ಇಟ್ಟೆ. ವಾರಗಟ್ಟಲೆ ಅದು ಅಲ್ಲೇ ಇತ್ತು.

ಉರುಳೆ ಬಂತು, ಕೂರಿಸಿದೆ. ಗಾಡಿ ಕಷ್ಟಪಟ್ಟು ಚಾಲು ಆಯಿತು. ಸಾಹುಕಾರರು ಬೀಗರನ್ನು ಜೀಪಿನಲ್ಲಿ ಕೂರಿಸಿ, ತಾವು ಗಾಡಿಯ ಮೇಲೆ ಮುಂದಾಗಿ ಜವಳಗೇರಾ ಕಡೆ ಹೊರಟರು. ಊರು ಇನ್ನೂ ದೂರ ಇರುವಾಗಲೇ ಕಿಡಿ ನಿಂತುಹೋಯಿತು. ಗಾಡಿಯನ್ನು ಭತ್ತದ ಚೀಲಗಳ ಮೇಲೆ ಮಲಗಿಸಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ನಾನು ಕಾಯುತ್ತಿದ್ದ ಮಿಲ್ಲಿಗೆ ವಾಪಸು ತಂದರು. ಮಿಲ್ಲಿನ ಹಮಾಲರೆಲ್ಲ ನಿಂತು ನೋಡಿದರು.

“ಏಮಯ್ಯಾ ಮೇಸ್ತ್ರಿ,” ಎಂದರು ಸಾಹುಕಾರರು, ಸಿಟ್ಟಿಲ್ಲದೆ, ನಗುತ್ತಲೇ. “ಮುಂದಿನ ಸಲ ಎರಡು ಎತ್ತು ಕೊಟ್ಟು ಕಳಿಸಪ್ಪಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗು ತಡೆಯಲಿಲ್ಲ. ಉರುಳೆ ಬಿಚ್ಚಿಕೊಂಡು ಸಿಕ್ಕ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆ. ಕಟ್ಟೆಯ ಮೇಲೆ ಬಳೆಗೆ ಬಂದ ಹೆಂಗಸರಿದ್ದರು. ಅವರಿಗೆ ಅರ್ಥವಾಗದಂತೆ ದನಿ ಇಳಿಸಿ, ಆದರೆ ಹಲ್ಲು ಕಚ್ಚಿ ಹೇಳಿದೆ: “ನಿನ್ನ ಕೈ ಸೋತದ ಖಾಲಾ. ಎಣಿಕಿ ತಪ್ಪೀದಿ. ನನ್ನ ಮಾನ ಹೋತು.”

ಅವಳು ಉರುಳೆಯನ್ನು ಕೈಗೆ ತಗೊಂಡು ತಿರುವಿ ತಿರುವಿ ನೋಡಿದಳು. “ಇದನ್ನ ಹೊರಗ ತಗದಾಗ ಚುಂಬಕಕ್ಕ ಕಬ್ಬಿಣ ಇಟ್ಟಿದ್ದೇನಪ? ನಮ್ಮ ಮನಿಯವರು ಯಾವಾಗ್ಲೂ ಒಂದು ಕಬ್ಬಿಣದ ತುಂಡು ಅಡ್ಡ ಇಡ್ತಿದ್ರು...”

“ಕಬ್ಬಿಣ ಗಿಬ್ಬಿಣ ನನಗ ಕಲಿಸ್ಬ್ಯಾಡ. ನೀ ನಿನ್ನ ಕೆಲಸ ನೆಟ್ಟಗ ಮಾಡು.”

ಅವಳು ಅರಗು ಒಡೆದು, ತಂತಿಯನ್ನೆಲ್ಲ ಬಿಚ್ಚಿ, ಹೊಸ ತಂತಿ ಹಾಕಿ ಮೊದಲಿನಿಂದ ಸುತ್ತಿದಳು. ಒಂದೂವರೆ ತಿಂಗಳು ಹಿಡಿಯಿತು. ನಡುವೆ ಒಮ್ಮೆ ಹೋದಾಗ ನೋಡಿದೆ, ಉರುಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಳುತ್ತಿರಲಿಲ್ಲ, ಕಣ್ಣು ಸೋತು ಸೋರುತ್ತಿತ್ತು. ಸೆರಗಿನಿಂದ ಒರೆಸಿಕೊಂಡರೆ ಎಣಿಕೆ ತಪ್ಪುತ್ತದೆಂದು ಹಾಗೇ ಬಿಟ್ಟಿದ್ದಳು. ನಾನು ಚಹಾ ಬೇಡ ಎಂದು ಹೇಳಿ ಬಂದುಬಿಟ್ಟೆ.

ಅದನ್ನು ಕೂರಿಸಿದರೂ ಕಿಡಿ ಅಷ್ಟಕ್ಕಷ್ಟೇ. ಆಗ ಸೋತು, ಮ್ಯಾಗ್ನೆಟ್ಟನ್ನು ಇಡಿಯಾಗಿ ಹೊತ್ತುಕೊಂಡು ಹೈದರಾಬಾದಿಗೆ ಹೋದೆ. ಹಳೆ ಬಜಾರಿನ ಒಂದು ಸಂದಿಯಲ್ಲಿ ಮ್ಯಾಗ್ನೆಟ್ಟು ರಿಪೇರಿಯ ಒಬ್ಬ ಮುದುಕ ಉಸ್ತಾದ್ ಇದ್ದಾನೆಂದು ಯಾರೋ ಹೇಳಿದ್ದರು. ಅವನು ಚುಂಬಕದ ಕಾಲಿಗೆ ಸ್ಕ್ರೂಡ್ರೈವರ್ ಹಚ್ಚಿದ. ಅದು ಹಿಡಿದುಕೊಳ್ಳದೆ ಟಣ್ ಎಂದು ನೆಲಕ್ಕೆ ಬಿತ್ತು. ಅವನು ನನ್ನತ್ತ ನೋಡಿದ. ಉರುಳೆ ಹೊರಗೆ ತೆಗೆದಾಗ ಎರಡು ಕಾಲುಗಳಿಗೆ ಅಡ್ಡಲಾಗಿ ಕಬ್ಬಿಣದ ತುಂಡು ಇಡದಿದ್ದರೆ ಇಂಥ ಹಳೆಯ ಚುಂಬಕ ಕೂತಲ್ಲೇ ಸಾಯುತ್ತದೆ, ನಿನ್ನ ಗುರು ಇಷ್ಟೂ ಕಲಿಸಲಿಲ್ಲವೇ ಎಂದು ದಖ್ಖನಿಯಲ್ಲಿ ಬೈದ. ಆಮೇಲೆ ಉರುಳೆಯನ್ನು ತನ್ನ ಬೇರೆ ಚುಂಬಕದೊಳಗೆ ಇಟ್ಟು ತಿರುವಿದ. ನೀಲಿ ಕಿಡಿ ಚಟಚಟ ಹಾರಿತು. ಅವನ ಮುಖವೇ ಬದಲಾಯಿತು.

“ಇದನ್ನು ಸುತ್ತಿದ್ದು ಯಾರು? ಇಂಥ ಕೈ ಈಗ ಈ ಬಜಾರಿನಲ್ಲೇ ಇಲ್ಲ,” ಎಂದ.

ಹಾಗಾದರೆ ಮೊದಲ ಸಲ ಸುತ್ತಿದ್ದೂ ಸರಿಯೇ ಇತ್ತು. ಎರಡನೆಯ ಸಲ ಅವಳು ಕಣ್ಣು ಸೋರಿಸಿದ್ದು ನನ್ನ ತಪ್ಪಿಗೆ. ಇದೆಲ್ಲ ತಲೆಯಲ್ಲಿ ಓಡುತ್ತಿರುವಾಗಲೇ ಬಾಯಿ ಹೇಳಿತು: “ನಾನೇ.”

ಉಸ್ತಾದ್ ಎದ್ದು ನನ್ನ ಕೈ ಹಿಡಿದುಕೊಂಡು ಬೆರಳುಗಳನ್ನು ನೋಡಿದ. ಗ್ರೀಸು ಕೂತ, ಸುತ್ತಿಗೆ ತಿಂದ ದಪ್ಪ ಬೆರಳುಗಳು. ಕೈ ಬಿಟ್ಟು, ಚುಂಬಕಕ್ಕೆ ಮತ್ತೆ ಶಕ್ತಿ ತುಂಬಿ ಕೊಟ್ಟ.

ಗಾಡಿ ಈ ಸಲ ಸಿಡಿಲಿನಂತೆ ಚಾಲು ಆಯಿತು. ಸಾಹುಕಾರರಿಗೆ ಕೊಡುವ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಲಿಂಗಸುಗೂರಿನ ದಾರಿ ಹಿಡಿದೆ. ಓಣಿಯಲ್ಲಿ, ಎಲ್ಲರೆದುರು, ತಪ್ಪು ನನ್ನದು, ಕೈ ನಿನ್ನದು ಎಂದು ಹೇಳಿಬಿಡಬೇಕು ಅಂತ ಲೆಕ್ಕ ಹಾಕಿದ್ದೆ. ದಾರಿಯುದ್ದಕ್ಕೂ ಅದೇ ಎರಡು ಮಾತು ಬಾಯಲ್ಲಿ ಹೇಳಿಕೊಳ್ಳುತ್ತ ಹೋದೆ.

ಸಪ್ಪಳ ಕೇಳಿ ಖಾಲಾ ತಾನೇ ಬಾಗಿಲಿಗೆ ಬಂದಳು. ಒಂದು ಕೈ ಗೋಡೆಯ ಮೇಲಿತ್ತು. ಒಂದು ಕಣ್ಣಿನಲ್ಲಿ ಬಿಳಿ ಪೊರೆ ಪೂರ್ತಿ ಕೂತಿತ್ತು, ಇನ್ನೊಂದರಲ್ಲಿ ಕೂರುತ್ತಿತ್ತು. ನಾನು ಗಾಡಿ ಬಂದ್ ಮಾಡದೆ ಅವಳ ಕೈ ಹಿಡಿದು ತಂದು ಟ್ಯಾಂಕಿನ ಮೇಲಿಟ್ಟೆ. ಆ ಕೈ ಟ್ಯಾಂಕಿನಿಂದ ಕೆಳಗೆ ಇಳಿದು ತಡಕಾಡುತ್ತ ಮ್ಯಾಗ್ನೆಟ್ಟಿನ ಹತ್ತಿರ ಬಂದು ನಿಂತಿತು. ಇಂಜಿನ್ನಿನ ನಡುಕಕ್ಕೆ ಅವಳ ಮುಂಗೈ, ತೋಳು, ಕೆನ್ನೆ ಎಲ್ಲ ನಡುಗುತ್ತಿದ್ದವು.

“ಇಷ್ಟು ಜೋರಾ?” ಎಂದಳು. “ನಾ ಮಾಡಿದ್ದು ಇಷ್ಟೇ ಇಷ್ಟ ಇತ್ತಲ್ಲೋ!”

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ... ಓಣಿ ತುಂಬಿತು. ಹೆಂಗಸರು, ಮಸೀದಿಯಿಂದ ಬಂದವರು, ಸೈಕಲ್ ನಿಲ್ಲಿಸಿದವರು. ಅವರ ನಡುವಿನಿಂದ ಬಸ್‌ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನವನು ಮುಂದೆ ಬಂದ. ನನ್ನ ವಾರಿಗೆಯವನು, ನನ್ನ ಹೆಸರು ಕೇಳಿದರೆ ಹೊಟ್ಟೆ ಉರಿದುಕೊಳ್ಳುವವನು. ಗಾಡಿಯ ಸುತ್ತ ಒಂದು ಸುತ್ತು ಬಂದು ಬಗ್ಗಿ ನೋಡಿದ.

“ಮ್ಯಾಗ್ನೆಟ್ಟು ಯಾರು ಸುತ್ಯಾರಲೇ?”

ಅದೇ ಹೊತ್ತು. ಆ ಹೊತ್ತಿಗಾಗಿಯೇ ನಾನು ಅಷ್ಟು ದೂರ ಬಂದಿದ್ದೆ. ಖಾಲಾಳ ಕೈ ಇನ್ನೂ ಅದರ ಮೇಲೇ ಇತ್ತು.

“ನಾನೇ. ಮತ್ಯಾರು ಸುತ್ತಬೇಕು?” ಎಂದೆ.

“ಹೌದೌದು, ಭಾರಿ ಮಗಾ ನೀ. ಮತ್ತ ಈ ಓಣ್ಯಾಗೇನ್ ಕೆಲಸ ನಿಂದು?”

“ಮನಿಯಾಕಿಗೆ ಬಳಿ ಹೇಳಿದ್ದೆ.”

ಖಾಲಾ ಕೈ ತೆಗೆದಳು. ಸಾವಕಾಶ ಗೋಡೆ ಹಿಡಿದು ಒಳಗೆ ಹೋದಳು. ಗ್ಯಾರೇಜಿನವನು ಬಿಡಲಿಲ್ಲ, ಯಾರ ಗಾಡಿ, ಎಷ್ಟು ದಿನ ಹಿಡಿಯಿತು ಎಂದು ಕೇಳುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದಳು. ಕೈಯಲ್ಲಿ ಹಳೆ ಪೇಪರಿನಲ್ಲಿ ಸುತ್ತಿದ ಒಂದು ಡಜನ್ ಹಸಿರು ಬಳೆ.

“ತಗೋ ಮೇಸ್ತ್ರಿ, ನಿನ್ನ ಬಳಿ. ನೀ ಹೇಳಿದ ಅಳತಿನೇ ಅದಾವು,” ಎಂದಳು.

ನಾನು ಯಾವ ಅಳತೆಯನ್ನೂ ಹೇಳಿರಲಿಲ್ಲ. ಎಲ್ಲರೆದುರು ಪೊಟ್ಟಣ ತಗೊಂಡು ಕಿಸೆಗೆ ಹಾಕಿಕೊಂಡೆ. ಗಾಡಿ ತಿರುಗಿಸಿದೆ. ಖಾಲಾ ಮುಖವನ್ನು ಸಪ್ಪಳದ ಕಡೆ ಇಟ್ಟುಕೊಂಡು ನಿಂತಿದ್ದಳು. ಓಣಿಯ ಮೂಲೆ ದಾಟುವಾಗ ನೋಡಿದೆ, ಇನ್ನೂ ನಿಂತೇ ಇದ್ದಳು.

ಆಮೇಲೆ ಬಹಳ ದಿನ ಆ ಕಡೆ ಹೋಗಲಿಲ್ಲ. ಹೋಗಲು ಕೆಲಸವೂ ಇತ್ತು, ಬಸ್ಸುಗಳೂ ಇದ್ದವು. ಮುಖ ಇರಲಿಲ್ಲ. ಒಂದು ವರ್ಷದ ಮೇಲೆ ಹೋದಾಗ ಬಾಗಿಲಿಗೆ ಬೀಗ. ಮಗಳು ಬಂದು ಯಾದಗಿರಿಗೆ ಕರೆದುಕೊಂಡು ಹೋದಳಂತೆ, ಅಲ್ಲಿ ಮಳೆಗಾಲದಲ್ಲಿ ಖಾಲಾ ತೀರಿಕೊಂಡಳಂತೆ. ಪಕ್ಕದ ಮನೆಯ ಹೆಂಗಸು ಹೇಳಿದಳು. ತಂತಿ ಸುತ್ತುವ ಕೈಗಾಲಿ, ಮಣಿಯ ದಾರ ಏನಾದವು ಎಂದು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಯಾವ ತಂತಿ ರೀ? ಅಕಿ ಬಳಿ ಮಾಡ್ತಿದ್ಲು. ಹೊಲಿಗಿ ಕಲಿಬೇಕಂತ ಒಂದು ಗಾಲಿ ಇಟ್ಕೊಂಡಿದ್ಲು, ಅಷ್ಟ.” ಪಕ್ಕದ ಮನೆಯವಳಿಗೂ ಹೇಳಿರಲಿಲ್ಲ. ನಾನು ಮುಚ್ಚಿಟ್ಟದ್ದನ್ನು ಅವಳೂ ಮುಚ್ಚಿಟ್ಟುಕೊಂಡೇ ಹೋಗಿದ್ದಳು.

ಮೂವತ್ತು ವರ್ಷದ ಮೇಲಾಯಿತು. ಅರಗಿನ ವಾಸನೆ ಬಡಿದ ಆ ಬಜಾರಿನ ದಿನ ಮನೆಗೆ ಬಂದವನು ರೊಟ್ಟಿ ಮುಟ್ಟಲಿಲ್ಲ. ಇನ್ನು ಯಾರಾದರೂ ಕೇಳಿದರೆ ನಿಜ ಹೇಳಿಬಿಡುತ್ತೇನೆ ಎಂದುಕೊಂಡೆ. ಸರಿಯಾಗಿ ಎಂಟು ದಿನಕ್ಕೆ ಕೇಳುವವರು ಬಂದರು. ಮಿಲ್ಲಿನ ಸಾಹುಕಾರರ ಮೊಮ್ಮಗ, ಜೊತೆಗೆ ಹೊಸಪೇಟೆಯ ಒಬ್ಬರು. ಹಳೆಯ ಗಾಡಿ ಕೂಡಿಸುವ ಹವ್ಯಾಸದವರು, ಅದೇ ಗಾಡಿಯನ್ನು ಕೊಂಡಿದ್ದರು. ಚಕ್ರ, ಸೀಟು, ಬಣ್ಣ ಎಲ್ಲ ಬದಲಾಗಿತ್ತು. ಮ್ಯಾಗ್ನೆಟ್ಟು ಮಾತ್ರ ಅದೇ.

“ಇದನ್ನು ಒಂದು ಸಲವೂ ಬಿಚ್ಚಿಲ್ಲವಂತೆ,” ಎಂದರು ಹೊಸಪೇಟೆಯವರು, ನನ್ನ ಕಾಲು ಮುಟ್ಟಲು ಬಗ್ಗುತ್ತ. “ಇದನ್ನು ಸುತ್ತಿದ ಕೈ ನೋಡಬೇಕೆಂದೇ ಬಂದೆ.”

ನಾನು ಸ್ಟೂಲಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಲಿಂಗಸುಗೂರು, ಮಸೀದಿ ಹಿಂದಿನ ಓಣಿ, ಕಲ್ಲಿನ ಪುಡಿ ಬೆರೆಸಿದ ಅರಗು, ಮಣಿಯ ದಾರ. ನಾ ಸುತ್ತಿಲ್ಲ, ಬಳೆ ಮಾಡುವ ಒಬ್ಬ ಹೆಣ್ಣುಮಗಳು ಸುತ್ತಿದ್ದು ಎಂದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಮ್ಮಗ ಜೋರಾಗಿ ನಕ್ಕ.

“ತಾತ ಹೇಳ್ತಿದ್ರು, ಮಸ್ಕಿ ಮೇಸ್ತ್ರಿ ಮಶ್ಕಿರಿ ಮನುಷ್ಯ ಅಂತ. ಬಳಿ ಮಾಡಾಕಿ ಮ್ಯಾಗ್ನೆಟ್ಟು ಸುತ್ತತಾಳೇನ್ರಿ? ಗುಟ್ಟು ಹೇಳಾಕ ಮನಸ್ಸಿಲ್ಲಂದ್ರ ಬಿಡ್ರಿ.”

“ದೊಡ್ಡವರು ಹೀಗೇ,” ಎಂದರು ಹೊಸಪೇಟೆಯವರು. “ತಮ್ಮ ಹೆಸರು ಹೇಳಿಕೊಳ್ಳುವುದಿಲ್ಲ.”

ಇಲ್ಲ, ಕೇಳಿ ಎಂದು ಮತ್ತೆ ಶುರು ಮಾಡಿದೆ. ಅವಳ ಹೆಸರೇನು ಎಂದರು. ಖಾಲಾ ಎಂದೆ. ಮನೆಯಲ್ಲಿ ಯಾರಿದ್ದಾರೆ ಎಂದರು. ಯಾರೂ ಇಲ್ಲ ಎಂದೆ. ಅವರು ಇನ್ನೂ ಪ್ರೀತಿಯಿಂದ ನಕ್ಕು, ನನ್ನ ಹೆಗಲ ಮೇಲೆ ಕೈ ಹಾಕಿ, ಗಾಡಿಯ ಪಕ್ಕ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ಆಮೇಲೆ ಹೊರಟರು. ಗಾಡಿಯ ಸಪ್ಪಳ ಸಿಂಧನೂರಿನ ರಸ್ತೆಯಲ್ಲಿ ಸಣ್ಣದಾಗುತ್ತ ಹೋಗಿ ಲಾರಿಗಳ ಸದ್ದಿನಲ್ಲಿ ಕಲೆತುಹೋಯಿತು.

ಅಂಗಡಿಯಲ್ಲಿ ನಾನೊಬ್ಬನೇ. ಬಾಗಿಲಲ್ಲಿ ನಿಂತು ಇನ್ನೊಂದು ಸಲ ಹೇಳಿದೆ, ಜೋರಾಗಿಯೇ: “ಅದನ್ನ ನಾ ಸುತ್ತಿಲ್ಲ.”

ರಸ್ತೆಯ ಆಚೆ ಕಬ್ಬಿನ ಹಾಲಿನ ಗಾಡಿಯವನು ತಲೆ ಎತ್ತಿ ನೋಡಿದ. ತನ್ನನ್ನು ಕರೆದೆನೆಂದುಕೊಂಡು ಕೈಯನ್ನು ಕಿವಿಗೆ ಅಡ್ಡ ಹಿಡಿದು ಕೂಗಿದ.

“ಎಷ್ಟ್ ಗ್ಲಾಸ್ ರೀ?”